‘ಇಲ್ಲ’ ಎನ್ನದೆ ಇಲ್ಲವೆನ್ನುವ ಪದ

ಓದುಗರ ಪ್ರಶ್ನೆ – ನಮ್ಮ ಉತ್ತರ

ಈ ಸಲ ಕೊಡಗಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಸ್ಟೋನ್‌ವಾಲ್’ ಎಂಬ ಇಂಗ್ಲಿಷ್ ಪದವನ್ನೋ ಅದರ ನೆಂಟರಿಷ್ಟರನ್ನೋ ಹಿಡಿದುಕೊಂಡು ಬಂದಿವೆ. ಹಾಗಾಗಿ ಎಲ್ಲಕ್ಕೂ ಒಂದೇ ಕಡೆ ಉತ್ತರಿಸಿದ್ದೇವೆ.

ಪ್ರಶ್ನೆ: ‘ಅಧಿಕಾರಿಗಳು ಸಮಿತಿಯ ಪ್ರಶ್ನೆಗಳನ್ನು ಸ್ಟೋನ್‌ವಾಲ್ ಮಾಡಿದರು’ ಎಂಬರ್ಥದ ವಾಕ್ಯವನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದೆ. ನಿಘಂಟಿನಲ್ಲಿ ‘ಅಡ್ಡಿಪಡಿಸು’ ಎಂದಿದೆ. ಅರ್ಥ ಅಷ್ಟೆಯೇ? ಅಮೆರಿಕದ ಸೇನಾನಿ ಸ್ಟೋನ್‌ವಾಲ್ ಜಾಕ್ಸನ್‌ನಿಂದ ಈ ಪದ ಬಂತೆಂದು ನಮ್ಮ ಮೇಷ್ಟ್ರು ಹೇಳಿದರು. ನಿಜವೇ?
– ಪದವಿ ವಿದ್ಯಾರ್ಥಿನಿ, ಮಡಿಕೇರಿ

ಉತ್ತರ: ‘ಅಡ್ಡಿಪಡಿಸು’ ತಪ್ಪಲ್ಲ, ಆದರೆ ಸಾಲದು. ಅಡ್ಡಿಪಡಿಸಲು ದಾರಿಗಳು ಬೇಕಾದಷ್ಟಿವೆ. ಗದ್ದಲ ಎಬ್ಬಿಸಬಹುದು, ರಸ್ತೆಗೆ ಮರ ಉರುಳಿಸಬಹುದು, ಕೋರ್ಟಿಗೆ ಹೋಗಿ ತಡೆಯಾಜ್ಞೆ ತರಬಹುದು. ಇವು ಯಾವುವೂ ಸ್ಟೋನ್‌ವಾಲಿಂಗ್ ಅಲ್ಲ. ಉತ್ತರ ಕೊಡಬೇಕಾದ ಜಾಗದಲ್ಲಿ ಕೂತವರು ಉತ್ತರವನ್ನೂ ಕೊಡದೆ, ಕೊಡುವುದಿಲ್ಲ ಎಂದೂ ಬಾಯಿಬಿಟ್ಟು ಹೇಳದೆ, ಕೇಳುವವರಿಗೆ ಸಾಕಾಗಿ ಎದ್ದುಹೋಗುವ ತನಕ ಕಾಲ ತಳ್ಳಿದರೆ ಮಾತ್ರ ಆ ಪದ ಸಲ್ಲುತ್ತದೆ.

ಪರೀಕ್ಷೆ ಸುಲಭ. ನಿಜವಾಗಿಯೂ ವಿಷಯ ತಿಳಿಯದವರು ‘ಗೊತ್ತಿಲ್ಲ’ ಎಂದರೆ ಅದು ಸ್ಟೋನ್‌ವಾಲಿಂಗ್ ಅಲ್ಲ. ‘ಕಾನೂನಿನ ಇಂಥ ಕಲಂ ಪ್ರಕಾರ ಇದನ್ನು ಕೊಡಲು ಬರುವುದಿಲ್ಲ’ ಎಂದು ಬರೆದು ಕೊಟ್ಟರೆ ಅದು ನೇರ ನಿರಾಕರಣೆ. ಹಿಡಿಸದಿದ್ದರೆ ಮೇಲಿನವರ ಬಳಿ ಹೋಗಬಹುದು. ‘ಕಡತ ಹುಡುಕಿಸುತ್ತಿದ್ದೇವೆ’, ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’, ‘ಪರಿಶೀಲನೆಯಲ್ಲಿದೆ’ ಎಂದು ತಿಂಗಳುಗಟ್ಟಲೆ ಸಾಗಿದರೆ ಅದು ಅಪ್ಪಟ ಸ್ಟೋನ್‌ವಾಲಿಂಗ್. ಹಿಂದೆ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ದೆವ್ವದ ಮಟ್ಟಿಗೆ ಅದೂ ಇದೇ ಉಪಾಯ. ಬರಬೇಡ ಅನ್ನುವುದಿಲ್ಲ, ಬಂದ ದಿನವೆಲ್ಲ ನಾಳೆ.

ನೀವು ಓದಿದ ವಾಕ್ಯವನ್ನು ಕನ್ನಡದಲ್ಲಿ ‘ಸಮಿತಿ ಏನೇ ಕೇಳಿದರೂ ಅಧಿಕಾರಿಗಳು ಬಾಯಿ ಬಿಡಲಿಲ್ಲ’ ಎಂದರೆ ಸರಿಹೋಗುತ್ತದೆ. ಪೂರ್ತಿ ಮೌನವಿದ್ದರೆ ‘ತುಟಿ ಪಿಟಕ್ಕೆನ್ನಲಿಲ್ಲ’. ಏನೇನೋ ಹೇಳಿ ಹೊತ್ತು ಕಳೆದಿದ್ದರೆ ‘ಹಾರಿಕೆಯ ಉತ್ತರ ಕೊಟ್ಟು ಸತಾಯಿಸಿದರು’. ಒತ್ತಡ ಹಾಕಿದರೂ ಫಲವಾಗದಿದ್ದರೆ ‘ಜಪ್ಪಯ್ಯ ಅಂದರೂ ಜಗ್ಗಲಿಲ್ಲ’. ‘ಪ್ರಶ್ನೆಗಳಿಗೆ ಕಲ್ಲುಗೋಡೆಯಾದರು’ ಎಂದು ಕೆಲವರು ಬರೆಯುತ್ತಾರೆ. ಅದು ಕನ್ನಡದ ಬಟ್ಟೆ ತೊಟ್ಟ ಇಂಗ್ಲಿಷ್, ಬೇಡ.

ಇನ್ನು ಜಾಕ್ಸನ್. ಥಾಮಸ್ ಜಾಕ್ಸನ್ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಸೇನಾನಿ. 1861ರ ಜುಲೈ 21ರಂದು ವರ್ಜೀನಿಯಾದ ಮನಾಸಸ್ ಬಳಿ ನಡೆದ ಬುಲ್ ರನ್ ಕಾಳಗದಲ್ಲಿ ಬರ್ನಾರ್ಡ್ ಬೀ ಎಂಬ ಇನ್ನೊಬ್ಬ ಸೇನಾನಿ, ಚದುರುತ್ತಿದ್ದ ತನ್ನ ಪಡೆಗೆ ಜಾಕ್ಸನ್‌ನನ್ನು ತೋರಿಸಿ ‘ನೋಡಿ, ಕಲ್ಲುಗೋಡೆಯ ಹಾಗೆ ನಿಂತಿದ್ದಾನೆ’ ಎಂಬರ್ಥದ ಮಾತಾಡಿದನೆಂದು ಪ್ರತೀತಿ. ಆ ದಿನವೇ ಬೀ ಮಾರಣಾಂತಿಕವಾಗಿ ಗಾಯಗೊಂಡ, ಮರುದಿನ ಸತ್ತ. ಹಾಗಾಗಿ ಅದು ಹೊಗಳಿಕೆಯೋ, ‘ನಾವು ಸಾಯುತ್ತಿದ್ದರೂ ಅಲುಗದೆ ನಿಂತಿದ್ದಾನೆ’ ಎಂಬ ಸಿಡುಕೋ ಎಂಬ ಚರ್ಚೆ ಇವತ್ತಿಗೂ ಮುಗಿದಿಲ್ಲ. ಹೊಗಳಿಕೆ ಎಂದೇ ಲೋಕ ನಂಬಿತು, ಅಡ್ಡಹೆಸರು ಅಂಟಿಕೊಂಡಿತು.

ಆದರೆ ಕ್ರಿಯಾಪದ ಅಲ್ಲಿಂದ ಬಂದದ್ದಲ್ಲ. ಜಾಕ್ಸನ್ ಅಲುಗದೆ ನಿಂತದ್ದು ಶತ್ರುವಿನ ಎದುರು. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ನಿಂತದ್ದಲ್ಲ. ‘ಕಲ್ಲುಗೋಡೆ’ ಎಂಬರ್ಥದ ನಾಮಪದ ಇಂಗ್ಲಿಷಿನಲ್ಲಿ ಆತನಿಗಿಂತ ನೂರಾರು ವರ್ಷ ಹಳೆಯದು. ಅಡ್ಡಗಾಲು ಹಾಕುವ ಅರ್ಥ ಅದಕ್ಕೆ ಬಂದದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದ ರಾಜಕೀಯದಲ್ಲಿ. 1876ರ ಸುಮಾರಿಗೆ ಅಲ್ಲಿನ ಶಾಸನಸಭೆಯಲ್ಲಿ ಗ್ರಹಾಂ ಬೆರ್ರಿಯ ವಿರೋಧಪಕ್ಷ, ಜೇಮ್ಸ್ ಮೆಕ್‌ಕಲಕ್ ಸರ್ಕಾರದ ಯಾವ ಕೆಲಸವೂ ಮುಂದೆ ಸಾಗದಂತೆ ಹಟ ಹಿಡಿದು ಕೂತಿತು. ಇದಕ್ಕೆ ‘ಸ್ಟೋನ್ ವಾಲ್’ ಎಂದು ಹೆಸರಾಯಿತು. ಸರ್ಕಾರ ಚರ್ಚೆಯನ್ನು ಬಲವಂತವಾಗಿ ಮುಗಿಸುವ ನಿಯಮ ತಂದಿತು. ಅದಕ್ಕೆ ವಿರೋಧಿಗಳು ‘ಕಬ್ಬಿಣದ ಕೈ’ ಎಂದು ಹೆಸರಿಟ್ಟರು. 1880ರ ದಶಕದ ಹೊತ್ತಿಗೆ ಪದ ಕ್ರಿಕೆಟ್ ಅಂಗಳದಲ್ಲೂ ಓಡಾಡತೊಡಗಿತು.

ಪದವನ್ನು ಮನೆಮನೆಯ ಮಾತಾಗಿಸಿದ್ದು ಮಾತ್ರ, ವಿರೋಧಪಕ್ಷದ ಕಚೇರಿಗೆ ನುಗ್ಗಿದ ಪ್ರಕರಣವನ್ನು ಮುಚ್ಚಿಹಾಕಲು ಹೊರಟ ಅಮೆರಿಕದ ವಾಟರ್‌ಗೇಟ್ ಹಗರಣ. ಅಧ್ಯಕ್ಷ ರಿಚರ್ಡ್ ನಿಕ್ಸನ್ 1973ರ ಮಾರ್ಚ್ 22ರಂದು ತನ್ನ ಆಪ್ತರಿಗೆ, ತನಿಖೆಯವರ ಮುಂದೆ ಸ್ಟೋನ್‌ವಾಲ್ ಮಾಡಿ ಎಂದು ಹೇಳಿದ. ಆತನದೇ ಕಚೇರಿಯಲ್ಲಿ ಆತನೇ ಇಡಿಸಿದ್ದ ಟೇಪ್ ರೆಕಾರ್ಡರ್ ಅದನ್ನು ಹಿಡಿದಿಟ್ಟಿತ್ತು. ಧ್ವನಿಮುದ್ರಿಕೆ ಹೊರಬಿದ್ದಾಗ ಪದವೂ ಹೊರಬಿತ್ತು. ಆಮೇಲೆ ಇಂಗ್ಲಿಷ್ ಪತ್ರಕರ್ತರು ಅದನ್ನು ಕೈಬಿಟ್ಟಿಲ್ಲ. ನೀವು ಓದಿದ ವಾಕ್ಯ ಆ ಸಾಲಿನದು.

ನಿಮ್ಮ ಮೇಷ್ಟ್ರ ಮಾತು ಪೂರ್ತಿ ಹುರುಳಿಲ್ಲದ್ದೇನಲ್ಲ. ಅಮೆರಿಕನ್ನರ ಕಿವಿಗೆ ಈ ಪದ ಬಿದ್ದೊಡನೆ ಜಾಕ್ಸನ್ ನೆನಪಾಗುವುದು ಸಹಜ. ನೆನಪಾಗುವುದು ಬೇರೆ, ಮೂಲ ಬೇರೆ.

ಪ್ರಶ್ನೆ: ಕ್ರಿಕೆಟ್ ವಿವರಣೆಯಲ್ಲಿ ‘ಸ್ಟೋನ್‌ವಾಲರ್’ ಎನ್ನುವುದು ಹೊಗಳಿಕೆಯೋ ಬೈಗುಳವೋ? ದ್ರಾವಿಡ್ ಅವರನ್ನು ‘ವಾಲ್’ ಎನ್ನುತ್ತಿದ್ದರಲ್ಲ, ಎರಡೂ ಒಂದೆಯೇ?
– ದೈಹಿಕ ಶಿಕ್ಷಣ ಶಿಕ್ಷಕ, ವಿರಾಜಪೇಟೆ

ಉತ್ತರ: ಒಂದೇ ಕಲ್ಲು, ಬೇರೆ ಬೇರೆ ಕಟ್ಟಡ. ಸ್ಟೋನ್‌ವಾಲರ್ ಎಂದರೆ ರನ್ನಿನ ಗೊಡವೆ ಬಿಟ್ಟು ವಿಕೆಟ್ ಉಳಿಸಿಕೊಳ್ಳುವುದಷ್ಟಕ್ಕೇ ಆಡುವವನು. ಸಂದರ್ಭ ನೋಡಿಕೊಂಡು ಹೊಗಳಿಕೆಯೂ ಆಗುತ್ತದೆ, ಲೇವಡಿಯೂ ಆಗುತ್ತದೆ. ಲೇವಡಿಯೇ ಹೆಚ್ಚು.

ಹಳೆಯ ಕಾಲದ ಇಬ್ಬರು ಇದಕ್ಕೆ ಮೇಲ್ಪಂಕ್ತಿ. ಲ್ಯಾಂಕಶೈರ್‌ನ ಡಿಕ್ ಬಾರ್ಲೋ 1882ರಲ್ಲಿ ನಾಟಿಂಗ್‌ಹ್ಯಾಂಶೈರ್ ಎದುರು ಇನಿಂಗ್ಸ್ ಆರಂಭಿಸಿ ಕೊನೆಯವರೆಗೂ ಔಟಾಗದೆ ಉಳಿದ. ಎರಡೂವರೆ ಗಂಟೆಯಲ್ಲಿ ಆತ ಗಳಿಸಿದ್ದು 5 ರನ್, ತಂಡದ ಮೊತ್ತ 69. 1886ರ ಓವಲ್ ಟೆಸ್ಟಿನಲ್ಲಿ ವಿಲಿಯಂ ಸ್ಕಾಟನ್ ಮೂರೂಮುಕ್ಕಾಲು ಗಂಟೆ ನಿಂತು 34 ಹೊಡೆದ. ಇನ್ನೊಂದು ತುದಿಯಲ್ಲಿ ಡಬ್ಲ್ಯು.ಜಿ. ಗ್ರೇಸ್ 170 ಬಾರಿಸಿದ. ಸ್ಕಾಟನ್‌ನ ಮೇಲೆ ‘ಪಂಚ್’ ಎಂಬ ನಗೆಪತ್ರಿಕೆ ಅಣಕವಾಡನ್ನೇ ಕಟ್ಟಿತು.

ನಮ್ಮವರ ಪೈಕಿ ಈ ಪದಕ್ಕೆ ತಕ್ಕ ಇನಿಂಗ್ಸ್ ಎಂದರೆ 1975ರ ಜೂನ್ 7ರಂದು ಲಾರ್ಡ್ಸ್‌ನಲ್ಲಿ ನಡೆದ ಮೊದಲ ವಿಶ್ವಕಪ್‌ನ ಮೊದಲ ದಿನದ ಪಂದ್ಯದ್ದು. ಇಂಗ್ಲೆಂಡ್ 60 ಓವರುಗಳಲ್ಲಿ 334 ಗಳಿಸಿತ್ತು. ಸುನಿಲ್ ಗಾವಸ್ಕರ್ 60 ಓವರೂ ಕ್ರೀಸಿನಲ್ಲಿದ್ದು 174 ಎಸೆತಗಳಲ್ಲಿ ಔಟಾಗದೆ 36 ಹೊಡೆದರು. ಭಾರತ 3 ವಿಕೆಟಿಗೆ 132ರಲ್ಲಿ ನಿಂತಿತು. ಇಲ್ಲಿ ‘ಇಲ್ಲ ಎನ್ನದೆ ಇಲ್ಲ ಎನ್ನುವ’ ಗುಣ ಎದ್ದು ಕಾಣುತ್ತದೆ: ಆಡುವುದಿಲ್ಲ ಎಂದು ಮೈದಾನ ಬಿಡಲಿಲ್ಲ, ಆಡಲೂ ಇಲ್ಲ.

ದ್ರಾವಿಡ್‌ದು ಬೇರೆ ಜಾತಿ. ಟೆಸ್ಟ್‌ನಲ್ಲಿ ಅವರು ಎದುರಿಸಿದ 31,258 ಎಸೆತ ದಾಖಲೆ. ಹೌದು, ಆದರೆ ಅಷ್ಟೇ ಎಸೆತಗಳಲ್ಲಿ 13,288 ರನ್ನೂ ಬಂದಿವೆ. ಕೆಟ್ಟ ಎಸೆತ ಬಿದ್ದರೆ ಬೌಂಡರಿಗೆ ಹೋಗುತ್ತಿತ್ತು. ಅವರನ್ನು ವಾಲ್ ಎಂದದ್ದು ದಾಟಲು ಆಗದವರು ಎಂಬರ್ಥದಲ್ಲಿ, ದಾರಿ ಬಿಡದವರು ಎಂಬರ್ಥದಲ್ಲಲ್ಲ.

ಮಕ್ಕಳಿಗೆ ಕಲಿಸುವವರು ನೀವಾದ್ದರಿಂದ ಒಂದು ಮಾತು. ಚೆಂಡನ್ನು ತಡೆಯುವುದು ತಪ್ಪಲ್ಲ. ಮುಂಗಾಲು ಚೆಂಡಿನ ಪಿಚ್‌ವರೆಗೆ ಹೋಗಬೇಕು, ಕಣ್ಣು ಚೆಂಡಿನ ನೇರಕ್ಕಿರಬೇಕು, ಬ್ಯಾಟಿನ ಮುಖ ನೆಲದ ಕಡೆ ಬಾಗಿರಬೇಕು, ಕೆಳಗೈ ಹಿಡಿತ ಸಡಿಲವಿರಬೇಕು. ಕೈ ಬಿಗಿಯಾದರೆ ಚೆಂಡು ಸಿಡಿದು ಪಕ್ಕದಲ್ಲೇ ನಿಂತ ಸಿಲಿ ಪಾಯಿಂಟ್‌ನವನ ಕೈಗೆ ಹೋಗುತ್ತದೆ. ಎಡವಟ್ಟಾಗುವುದು ಒಂಟಿ ರನ್ ಕೂಡ ಓಡದೆ ತಡೆಯುತ್ತಲೇ ಇದ್ದಾಗ. ಬೌಲರ್‌ಗೆ ಅದೇ ಬ್ಯಾಟರ್, ಅದೇ ಜಾಗ ಸಿಗುತ್ತದೆ. ಫೀಲ್ಡರುಗಳು ಒಂದೊಂದೇ ಹೆಜ್ಜೆ ಹತ್ತಿರ ಬರುತ್ತಾರೆ. ಇನ್ನೊಂದು ತುದಿಯವನು ತಾಳ್ಮೆಗೆಟ್ಟು ಬೀಸಿ ಔಟಾಗುತ್ತಾನೆ. ವಿಕೆಟ್ ಪತನದ ಪಟ್ಟಿಯಲ್ಲಿ ಸ್ಟೋನ್‌ವಾಲರ್‌ನ ಹೆಸರು ಇರುವುದಿಲ್ಲ, ಆದರೆ ಕಾರಣ ಅವನೇ.

ಕೊಡಗಿನವರಿಗೆ ಹಾಕಿಯ ಮಾತು ಎತ್ತದಿದ್ದರೆ ಸಮಾಧಾನವಿಲ್ಲ. ಗೋಲ್‌ಕೀಪರ್ ಎಷ್ಟು ಚೆಂಡು ತಡೆದರೂ ಇಂಗ್ಲಿಷಿನಲ್ಲಿ ಆತನನ್ನು ‘ವಾಲ್’ ಎಂದಾರು, ‘ಸ್ಟೋನ್‌ವಾಲರ್’ ಎನ್ನುವುದು ಅಪರೂಪ. ತಡೆಯುವುದೇ ಅವನ ಕೆಲಸ. ಮಾಡಬೇಕಾದ ಕೆಲಸ ಬಿಟ್ಟು ತಡೆಯುತ್ತ ನಿಂತವನಿಗೆ ಮಾತ್ರ ಈ ಹೆಸರು.

ಪ್ರಶ್ನೆ: ಪೌತಿ ಖಾತೆಗೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಅರ್ಜಿ ಕೊಟ್ಟು ವರ್ಷವಾಯಿತು. ಹೋದಾಗಲೆಲ್ಲ ‘ನೋಡೋಣ’ ಎನ್ನುತ್ತಾರೆ. ಆಗುವುದಿಲ್ಲ ಎಂದು ಬರೆದು ಕೊಡಿ ಎಂದರೂ ಕೊಡುವುದಿಲ್ಲ. ಮೇಲಧಿಕಾರಿಗೆ ಕೊಡುವ ದೂರಿನಲ್ಲಿ ‘ಕಚೇರಿಯವರು ಸ್ಟೋನ್‌ವಾಲ್ ಮಾಡುತ್ತಿದ್ದಾರೆ’ ಎಂದು ಬರೆಯಬಹುದೇ? ಕನ್ನಡದಲ್ಲಿ ಏನೆಂದು ಬರೆಯಲಿ?
– ಕೃಷಿಕ, ಸೋಮವಾರಪೇಟೆ

ಉತ್ತರ: ದಯವಿಟ್ಟು ಬರೆಯಬೇಡಿ. ಇಂಗ್ಲಿಷಿನಲ್ಲೂ ಬೇಡ, ಕನ್ನಡದಲ್ಲೂ ಬೇಡ. ‘ಸತಾಯಿಸುತ್ತಿದ್ದಾರೆ’ ಎಂಬುದು ನಿಮ್ಮ ಅಭಿಪ್ರಾಯ, ಅದಕ್ಕೆ ‘ಹಾಗೇನಿಲ್ಲ, ಪರಿಶೀಲನೆಯಲ್ಲಿದೆ’ ಎಂಬ ಒಂದೇ ಸಾಲು ಸಾಕು, ನಿಮ್ಮ ದೂರು ಮುಗಿಯಿತು. ತಾರೀಕು ಮತ್ತು ಸಂಖ್ಯೆಗೆ ಮಾತ್ರ ಹಾಗೆ ಉತ್ತರ ಕೊಡಲು ಆಗುವುದಿಲ್ಲ. ಹೀಗೆ ಬರೆಯಿರಿ: ‘ದಿನಾಂಕ ಇಂಥದ್ದರಂದು ಸಲ್ಲಿಸಿದ, ಸ್ವೀಕೃತಿ ಸಂಖ್ಯೆ ಇಂಥದ್ದರ ನನ್ನ ಅರ್ಜಿಯ ಮೇಲೆ ಈವರೆಗೆ ಯಾವ ಆದೇಶವನ್ನೂ ಹಿಂಬರಹವನ್ನೂ ನೀಡಿರುವುದಿಲ್ಲ.’ ಹಿಂಬರಹ ಎಂಬ ಪದವನ್ನು ಬಿಡಬೇಡಿ. ಅರ್ಜಿಗೆ ಕಚೇರಿ ಬರಹದಲ್ಲಿ ಕೊಡುವ ಉತ್ತರಕ್ಕೆ ಆಡಳಿತ ಕನ್ನಡದಲ್ಲಿ ಇರುವ ಹೆಸರು ಅದೇ. ನೀವು ಬರೆದು ಕೊಡಿ ಎಂದು ಕೇಳುತ್ತಿರುವುದೂ ಅದನ್ನೇ.

ಆದರೆ ನಿಮ್ಮ ತೊಂದರೆ ಪದದ್ದಲ್ಲ, ದಾರಿಯದ್ದು. ಸುಮ್ಮನಿರುವವರನ್ನು ಸುಮ್ಮನಿರಲು ಬಿಡದ ಕಾನೂನೊಂದಿದೆ. ಮಾಹಿತಿ ಹಕ್ಕು ಕಾಯ್ದೆ, 2005ರ 7(2)ನೇ ಕಲಂ ಪ್ರಕಾರ, ಅವಧಿಯೊಳಗೆ ನಿರ್ಧಾರ ತಿಳಿಸದಿದ್ದರೆ ಕೋರಿಕೆಯನ್ನು ನಿರಾಕರಿಸಿದಂತೆಯೇ ಭಾವಿಸಬೇಕು. ಮೌನವನ್ನೇ ‘ಇಲ್ಲ’ ಎಂದು ಲೆಕ್ಕಕ್ಕೆ ಹಿಡಿಯುವ ಏರ್ಪಾಡು ಇದು. ಸ್ಟೋನ್‌ವಾಲಿಂಗ್‌ನ ಬಲವೆಲ್ಲ ಇರುವುದು ‘ನಾವೇನೂ ಇಲ್ಲ ಅಂದಿಲ್ಲವಲ್ಲ’ ಎಂಬ ಮಾತಿನಲ್ಲಿ. ಈ ಕಲಂ ಆ ಮಾತನ್ನೇ ಕಿತ್ತುಕೊಳ್ಳುತ್ತದೆ.

ಮಾಡಬೇಕಾದ್ದು ಇಷ್ಟು. ನಮೂನೆ ‘ಎ’ಯಲ್ಲಿ ಆ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಬರೆಯಿರಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಇಟ್ಟರಾಯಿತು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ, ಕಾರ್ಡಿನ ನಕಲು ಸಾಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಇದನ್ನು ಮರೆತು ಖಾತೆ, ರಸ್ತೆ, ನೀರಿನ ತೋಡು ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಿದವರ ಅರ್ಜಿ ಅಷ್ಟೇ ಕಾರಣಕ್ಕೆ ವಾಪಸು ಬರುತ್ತದೆ.

ಎಡವುವ ಇನ್ನೊಂದು ಜಾಗವೆಂದರೆ ಪ್ರಶ್ನೆ ಕೇಳುವ ರೀತಿ. ‘ನನ್ನ ಖಾತೆ ಏಕೆ ಮಾಡಿಲ್ಲ?’ ಎಂದು ಕೇಳಬೇಡಿ. ‘ಏಕೆ’ ಎಂಬುದು ಕಡತದಲ್ಲಿರುವ ಮಾಹಿತಿಯಲ್ಲ, ವಿವರಣೆ. ಅದನ್ನು ಕೊಡಬೇಕಾಗಿಲ್ಲ ಎಂದು ಸುಲಭವಾಗಿ ಕೈ ತೊಳೆದುಕೊಳ್ಳುತ್ತಾರೆ. ಇರುವ ಕಾಗದವನ್ನು ಕೇಳಿ: ‘ಮೇಲ್ಕಂಡ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ನಕಲು; ಅರ್ಜಿ ಯಾವ ದಿನ ಯಾರ ಮೇಜಿಗೆ ಹೋಯಿತು, ಅಲ್ಲಿ ಎಷ್ಟು ದಿನ ಇತ್ತು ಎಂಬುದರ ದಾಖಲೆಯ ನಕಲು.’ ಇದನ್ನು ಕೇಳಿದ ಮೇಲೆ ಎಷ್ಟೋ ಕಡತಗಳು ತಾವೇ ಎದ್ದು ನಡೆಯತೊಡಗುತ್ತವೆ. ಮಾಹಿತಿ ಯಾಕೆ ಬೇಕೆಂದು ನೀವು ಹೇಳಬೇಕಾಗಿಲ್ಲ.

ಅರ್ಜಿಯನ್ನು ಕೈಯಾರೆ ಕೊಟ್ಟರೆ ನಕಲಿನ ಮೇಲೆ ಮೊಹರು, ತಾರೀಕು, ಸಹಿ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಹಿಂದೆಮುಂದೆ ನೋಡಿದರೆ ವಾದಕ್ಕೆ ನಿಲ್ಲದೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನವಾಗಿಡಿ. ಅರ್ಜಿ ಅವರ ಕೈಸೇರಿದ ದಿನದಿಂದ 30 ದಿನ ಎಣಿಸಿ. ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ 5 ದಿನದೊಳಗೆ ಅಲ್ಲಿಗೆ ವರ್ಗಾಯಿಸುವ ಹೊಣೆ ಅವರದ್ದೇ. ‘ಇದು ನಮ್ಮದಲ್ಲ, ಅಲ್ಲಿ ಹೋಗಿ ಕೇಳಿ’ ಎನ್ನುವಂತಿಲ್ಲ.

30 ದಿನ ಕಳೆದೂ ಉತ್ತರವಿಲ್ಲದಿದ್ದರೆ, ಆಮೇಲಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಹಾಕಿ. ಅದೇ ಇಲಾಖೆಯಲ್ಲಿ ಮಾಹಿತಿ ಅಧಿಕಾರಿಗಿಂತ ಮೇಲಿನವರು ಅದನ್ನು ಕೇಳುತ್ತಾರೆ. 30 ದಿನದಲ್ಲಿ, ಕಾರಣ ಬರೆದು ಹೆಚ್ಚೆಂದರೆ 45 ದಿನದಲ್ಲಿ ಮುಗಿಸಬೇಕು. ಅಲ್ಲೂ ಆಗದಿದ್ದರೆ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ಸರಿಯಾದ ಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು. ಅವಧಿ ಮೀರಿ ಕೊಟ್ಟ ಮಾಹಿತಿಗೆ ನಕಲು ಶುಲ್ಕ ಕೇಳುವಂತಿಲ್ಲ ಎಂಬುದನ್ನೂ ನೆನಪಿಡಿ.

ಬಹಳ ಮಂದಿ ಸೋಲುವುದು ಈ ಮೊದಲ ಮೇಲ್ಮನವಿಯ ಹಂತದಲ್ಲಿ. 30 ದಿನ ಮುಗಿದ ಮೇಲೆ ‘ಇನ್ನೊಂದು ವಾರ ನೋಡೋಣ’ ಎಂದು ಕಚೇರಿಗೆ ಅಲೆಯುತ್ತಾರೆ. ಅಲ್ಲಿ ಯಾರೋ ‘ಸೋಮವಾರ ಬನ್ನಿ’ ಎನ್ನುತ್ತಾರೆ. ಐದು ಸೋಮವಾರ ಕಳೆಯುವಷ್ಟರಲ್ಲಿ ಮೇಲ್ಮನವಿಯ ಗಡುವು ದಾಟಿರುತ್ತದೆ. ತಡಕ್ಕೆ ಸಕಾರಣ ತೋರಿಸಿದರೆ ಮೇಲ್ಮನವಿಯನ್ನು ಒಪ್ಪಲು ಅವಕಾಶವಿದೆ ನಿಜ. ಆದರೆ ಆ ಉಪಕಾರ ಕೇಳುವ ಸ್ಥಿತಿಗೆ ಹೋಗಬೇಡಿ.

ನಿಮ್ಮ ಮೂಲ ಅರ್ಜಿ, ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಿಸುವ ಸಕಾಲ ಯೋಜನೆಯ ಸೇವೆಗಳ ಪಟ್ಟಿಯಲ್ಲಿದೆಯೇ ಎಂದೂ ನೋಡಿ. ಇದ್ದರೆ ಸ್ವೀಕೃತಿಯ ಮೇಲೆ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುತ್ತದೆ. ಆ ಯೋಜನೆಯ ಕಾಯ್ದೆಯಲ್ಲೂ ತಡವಾದ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ ಪರಿಹಾರವಿದೆ. ಮೊತ್ತ ಚಿಕ್ಕದು. ಆದರೆ ಪರಿಹಾರ ಕೊಟ್ಟದ್ದು ದಾಖಲೆಗೆ ಸೇರುತ್ತದೆ ಎಂಬುದೇ ಕಚೇರಿಯವರಿಗೆ ಇಷ್ಟವಾಗದ ವಿಚಾರ.

ಪ್ರಶ್ನೆ: ಗಂಡ-ಹೆಂಡತಿಯ ಜಗಳದ ಬಗ್ಗೆ ಒಂದು ಲೇಖನದಲ್ಲಿ ‘ಸ್ಟೋನ್‌ವಾಲಿಂಗ್’ ಎಂಬ ಪದ ನೋಡಿದೆ. ಅದು ಮಾತು ಬಿಡುವುದೇ ತಾನೆ?
– ಗೃಹಿಣಿ, ಕುಶಾಲನಗರ

ಉತ್ತರ: ಪಕ್ಕದ ಮನೆ, ಅದೇ ಮನೆಯಲ್ಲ. ದಾಂಪತ್ಯದ ಅಧ್ಯಯನಕ್ಕೆ ಹೆಸರಾದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್, ಸಂಬಂಧ ಕೆಡಿಸುವ ನಾಲ್ಕು ನಡವಳಿಕೆಗಳನ್ನು ಪಟ್ಟಿ ಮಾಡಿದ್ದಾರೆ: ವ್ಯಕ್ತಿಯನ್ನೇ ದೂರುವುದು, ತಿರಸ್ಕಾರ, ಎಲ್ಲಕ್ಕೂ ಸಮರ್ಥನೆ, ಕೊನೆಯದಾಗಿ ಸ್ಟೋನ್‌ವಾಲಿಂಗ್. ಅದರಲ್ಲಿ ಆ ವ್ಯಕ್ತಿ ಎದುರಿಗೇ ಕೂತಿರುತ್ತಾರೆ. ಆದರೆ ಕಣ್ಣು ಕೂಡಿಸುವುದಿಲ್ಲ, ತಲೆಯಾಡಿಸುವುದಿಲ್ಲ, ಹ್ಞೂಂ ಅನ್ನುವುದಿಲ್ಲ, ಮೊಬೈಲೋ ಟಿವಿಯೋ ನೋಡುತ್ತಾರೆ. ಮಾತು ಬಿಡುವುದು ಹಾಗಲ್ಲ. ಅದು ಜಗಳ ಮುಗಿದ ಮೇಲೆ ಶುರುವಾಗುತ್ತದೆ, ಎದುರಿನವರಿಗೆ ಶಿಕ್ಷೆಯಾಗಲಿ ಎಂಬ ಉದ್ದೇಶ ಅದರಲ್ಲಿರುತ್ತದೆ. ಮುನಿಸಂತೂ ಇನ್ನೂ ಬೇರೆ, ಅದರಲ್ಲಿ ರಮಿಸಲಿ ಎಂಬ ಆಸೆ ಇರುತ್ತದೆ.

ಹೀಗೆ ಕಲ್ಲಾಗಿ ಕೂತವರಿಗೆ ಒಳಗೆ ಏನೂ ಆಗುತ್ತಿಲ್ಲ ಎಂದುಕೊಳ್ಳಬೇಡಿ. ಎಷ್ಟೋ ಸಲ ಹೃದಯದ ಬಡಿತ ನಿಮಿಷಕ್ಕೆ 100 ದಾಟಿರುತ್ತದೆ, ತಲೆಗೆ ಯಾವ ಮಾತೂ ಇಳಿಯುವ ಸ್ಥಿತಿ ಇರುವುದಿಲ್ಲ. ಆಗ ‘ಉತ್ತರ ಕೊಡಿ’ ಎಂದು ಬೆನ್ನು ಹತ್ತಿದಷ್ಟೂ ಗೋಡೆ ಗಟ್ಟಿಯಾಗುತ್ತದೆ. ಗಾಟ್‌ಮನ್ ಹೇಳುವ ಉಪಾಯ ಸರಳ: ಕನಿಷ್ಠ 20 ನಿಮಿಷ ಮಾತು ನಿಲ್ಲಿಸಿ, ಆ ಹೊತ್ತಿನಲ್ಲಿ ಜಗಳವನ್ನು ಮೆಲುಕು ಹಾಕದೆ ಬೇರೇನಾದರೂ ಮಾಡಿ, ಆಮೇಲೆ ಮತ್ತೆ ಕೂತು ಮಾತಾಡಿ. ಎದ್ದು ಹೋಗುವವರು ‘ಈಗ ಆಗಲ್ಲ, ಊಟ ಆದ ಮೇಲೆ ಮಾತಾಡೋಣ’ ಎಂದು ಹೇಳಿ ಹೋಗಬೇಕು, ಹೇಳಿದ ಹೊತ್ತಿಗೆ ಬರಬೇಕು. ಹೇಳದೆ ಎದ್ದು ಹೋದರೆ ಅದೂ ಸ್ಟೋನ್‌ವಾಲಿಂಗೇ.

ಒಂದು ಎಚ್ಚರಿಕೆ: ಹೊಡೆತ ಬಡಿತದ ಭಯದಿಂದ ಬಾಯಿ ಮುಚ್ಚಿಕೊಂಡವರಿಗೆ ಈ ಪದ ಸಲ್ಲದು.

ಪ್ರಶ್ನೆ: ನಮ್ಮ ಅಜ್ಜನ ಕಾಲದ ಇಂಗ್ಲಿಷ್ ಪುಸ್ತಕವೊಂದರಲ್ಲಿ ಕುದುರೆ ‘ಬಾಕ್’ ಮಾಡಿತು ಎಂದಿದೆ. ಹಿಂದೆ ಹೆಜ್ಜೆ ಇಟ್ಟಿತು ಎಂದು ಅರ್ಥ ಮಾಡಿಕೊಂಡಿದ್ದೆ, ಸರಿಯೇ?
– ಕಾಫಿ ಬೆಳೆಗಾರ, ಗೋಣಿಕೊಪ್ಪಲು

ಉತ್ತರ: ಸರಿಯಲ್ಲ. ಹೋಗುತ್ತಿದ್ದುದು ಥಟ್ಟನೆ ನಿಂತು ಮುಂದೆ ಹೋಗಲು ಒಲ್ಲೆನೆಂದಿತು ಎಂದರ್ಥ. ಕನ್ನಡದಲ್ಲಿ ‘ಮೊಂಡು ಹಿಡಿಯಿತು’. ಬರೆಯುವಾಗ ನಡುವೆ ‘ಲ್’ಗೆ ಅಕ್ಷರವಿದೆ, ಹೆಚ್ಚಿನವರು ಉಚ್ಚರಿಸುವುದಿಲ್ಲ. ನಿಮಗೆ ಹಿಡಿಸುವ ಸಂಗತಿ ಇದರ ಬೇರಿನಲ್ಲಿದೆ. ಹಳೆಯ ಇಂಗ್ಲಿಷಿನಲ್ಲಿ ‘ಬಾಲ್ಕ’ ಎಂದರೆ ದಿಬ್ಬ, ಬದು. ಉಳುವಾಗ ನೇಗಿಲು ಹಾಯದೆ ಎರಡು ಸಾಲಿನ ನಡುವೆ ಉಳಿದ ನೆಲಕ್ಕೆ ಆ ಹೆಸರು. ಉಳುವವನು ನೆಲ ಬಿಟ್ಟು ಮುಂದೆ ಹೋದರೆ ಬಾಕ್ ಮಾಡಿದ. ಅದರಿಂದ ತಪ್ಪಿಸಿಕೊಳ್ಳುವುದು, ಅದರಿಂದ ಮುಂದೆ ಹೋಗಲು ನಿರಾಕರಿಸುವುದು ಎಂದೆಲ್ಲ ಅರ್ಥ ಬೆಳೆಯಿತು. ಬಿಲಿಯರ್ಡ್ಸ್ ಮೇಜಿನ ‘ಬಾಕ್ ಲೈನ್’ ಕೂಡ ಇದೇ ಕುಲ.

ಸ್ಟೋನ್‌ವಾಲ್‌ಗೂ ಇದಕ್ಕೂ ವ್ಯತ್ಯಾಸವೇನೆಂದರೆ, ಬಾಕ್ ಮಾಡಿದ ಕುದುರೆ ತನ್ನ ‘ಒಲ್ಲೆ’ಯನ್ನು ಮುಚ್ಚಿಡುವುದಿಲ್ಲ.

ಪ್ರಾಣಿಗಳಿಂದ ಬಂದ ಇಂಥ ಪದ ಇನ್ನೂ ಎರಡಿವೆ. ‘ರಿಕ್ಯಾಲ್ಸಿಟ್ರಂಟ್’ ಎಂದರೆ ಹೇಳಿದ ಮಾತು ಕೇಳದವನು. ಮೂಲ ಲ್ಯಾಟಿನ್‌ನಲ್ಲಿ ಹಿಮ್ಮಡಿಯಿಂದ ಒದೆಯುವುದು. ‘ರೆಸ್ಟಿವ್’ ಎಂಬುದು ಇನ್ನೂ ತಮಾಷೆ. ಅದು ಮೊದಲು ನಿಂತಲ್ಲಿಂದ ಕದಲದ ಕುದುರೆಗೆ ಹೇಳಿದ್ದು. ಕದಲದ ಕುದುರೆ ನಿಂತಲ್ಲೇ ಕೊಸರಾಡುತ್ತದಲ್ಲ, ಅದನ್ನೇ ನೋಡಿ ನೋಡಿ ಈಗ ನಿಂತಲ್ಲಿ ನಿಲ್ಲಲಾಗದೆ ಚಡಪಡಿಸುವವರಿಗೆ ಆ ಪದ ಬಳಸುತ್ತಾರೆ. ಅರ್ಥ ತಲೆಕೆಳಗಾಯಿತು.

ಪ್ರಶ್ನೆ: ‘ಫಿಲಿಬಸ್ಟರ್’, ‘ಬಾಯ್ಕಾಟ್’ ಇವೂ ಇದೇ ಅರ್ಥದವೇ? ಸ್ಪರ್ಧಾತ್ಮಕ ಪರೀಕ್ಷೆಗೆ ಬೇಕಿತ್ತು.
– ಓದುಗ, ಸುಂಟಿಕೊಪ್ಪ

ಉತ್ತರ: ಫಿಲಿಬಸ್ಟರ್ ಎಂದರೆ ಮಸೂದೆ ಮತಕ್ಕೆ ಬರದಂತೆ ಮಾತಾಡುತ್ತಲೇ ಇರುವುದು. ಸ್ಟೋನ್‌ವಾಲಿಂಗ್‌ನಲ್ಲಿ ಬಾಯಿ ಮುಚ್ಚಿರುತ್ತದೆ, ಇದರಲ್ಲಿ ಬಾಯಿ ಮುಚ್ಚುವುದೇ ಇಲ್ಲ. ಪದ ಹುಟ್ಟಿದ್ದು ಡಚ್ಚರ ‘ವ್ರೈಬೌಟರ್’ನಿಂದ, ಅಂದರೆ ಕಡಲ್ಗಳ್ಳ. ಫ್ರೆಂಚ್, ಸ್ಪ್ಯಾನಿಷ್ ದಾಟಿ ಇಂಗ್ಲಿಷಿಗೆ ಬಂತು. 1850ರ ದಶಕದಲ್ಲಿ ಸ್ವಂತ ಪಡೆ ಕಟ್ಟಿಕೊಂಡು ಮಧ್ಯ ಅಮೆರಿಕಕ್ಕೆ ನುಗ್ಗುತ್ತಿದ್ದ ಅಮೆರಿಕನ್ನರಿಗೆ ಈ ಹೆಸರಿತ್ತು. ಅವರಲ್ಲೊಬ್ಬನಾದ ವಿಲಿಯಂ ವಾಕರ್ 1856ರಲ್ಲಿ ನಿಕರಾಗುವಾದ ಅಧ್ಯಕ್ಷನೇ ಆಗಿಬಿಟ್ಟ. ಸದನದ ಹೊತ್ತನ್ನು ದೋಚುವವರಿಗೂ ಅದೇ ಹೆಸರು ಅಂಟಿತು. 1957ರಲ್ಲಿ ನಾಗರಿಕ ಹಕ್ಕುಗಳ ಮಸೂದೆ ವಿರೋಧಿಸಿ ಅಮೆರಿಕದ ಮೇಲ್ಮನೆಯಾದ ಸೆನೆಟ್ಟಿನ ಸದಸ್ಯ ಸ್ಟ್ರಾಮ್ ಥರ್ಮಂಡ್ 24 ಗಂಟೆ 18 ನಿಮಿಷ ಮಾತಾಡಿದ. ಮಸೂದೆ ಹೇಗೂ ಪಾಸಾಯಿತು. ಅಮೆರಿಕದ ಸೆನೆಟ್‌ನಲ್ಲಿ ಚರ್ಚೆ ನಿಲ್ಲಿಸುವ ನಿಯಮ ಬಂದದ್ದು 1917ರಲ್ಲಿ. ಆಗ ಮೂರನೇ ಎರಡರಷ್ಟು ಮತ ಬೇಕಿತ್ತು, 1975ರಿಂದ 100ರಲ್ಲಿ 60 ಸಾಕು. ನಮ್ಮ ಸದನಗಳಲ್ಲಿ ಮಾತಿನ ಸಮಯ ಸಭಾಧ್ಯಕ್ಷರ ಕೈಯಲ್ಲಿರುವುದರಿಂದ ಈ ಆಟಕ್ಕೆ ಜಾಗ ಕಡಿಮೆ. ಇಲ್ಲಿನವರ ದಾರಿ ಸಭಾತ್ಯಾಗ, ಇಲ್ಲವೇ ಸದನದ ಬಾವಿಗಿಳಿದು ಧರಣಿ.

ಬಾಯ್ಕಾಟ್ ಒಬ್ಬ ಮನುಷ್ಯನ ಹೆಸರು. ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್ ಐರ್ಲೆಂಡಿನ ಮೇಯೊ ಜಿಲ್ಲೆಯಲ್ಲಿ ಜಮೀನ್ದಾರನೊಬ್ಬನ ಪಾರುಪತ್ಯಗಾರ. 1880ರಲ್ಲಿ ಗೇಣಿ ವಿಚಾರಕ್ಕೆ ಒಕ್ಕಲುಗಳನ್ನು ಎಬ್ಬಿಸಲು ಹೊರಟಾಗ ಊರವರು ಹೊಡೆಯಲು ಕೈಎತ್ತಲಿಲ್ಲ, ಮಾತು ಬಿಟ್ಟರು. ಆಳು ಬರಲಿಲ್ಲ, ಅಂಗಡಿಯವನು ಸಾಮಾನು ಕೊಡಲಿಲ್ಲ, ಅಂಚೆ ತಲುಪಲಿಲ್ಲ. ಬೆಳೆ ಕೀಳಲು ಹೊರಗಿನಿಂದ 50 ಆಳುಗಳನ್ನು ತರಿಸಿ, ಅವರ ಕಾವಲಿಗೆ ಸೈನಿಕರನ್ನೂ ಪೊಲೀಸರನ್ನೂ ಇಡಬೇಕಾಯಿತು. ಕಾವಲಿನ ಖರ್ಚು ಬೆಳೆಯ ಬೆಲೆಯ ಎಷ್ಟೋ ಪಟ್ಟಾಯಿತು. ಡಿಸೆಂಬರ್ ಮೊದಲಿಗೆ ಆತ ಊರು ಬಿಟ್ಟ, ಹೆಸರು ಉಳಿಯಿತು. ಕನ್ನಡದಲ್ಲಿ ‘ಬಹಿಷ್ಕಾರ’. ಇದು ಸಾರಿ ಹೇಳಿ ಮಾಡುವ ಕೆಲಸ, ಸ್ಟೋನ್‌ವಾಲಿಂಗ್ ಸಾರದೆ ಮಾಡುವುದು. ಪರೀಕ್ಷೆಗೆ ಇಷ್ಟು ಹಿಡಿದುಕೊಂಡರೆ ಸಾಕು. ಅಂದಹಾಗೆ, 1967ರಲ್ಲಿ ಲೀಡ್ಸ್‌ನಲ್ಲಿ ಭಾರತದ ಎದುರು ಔಟಾಗದೆ 246 ಹೊಡೆದೂ ತೀರಾ ನಿಧಾನವಾಗಿ ಆಡಿದನೆಂದು ಮುಂದಿನ ಟೆಸ್ಟಿನಿಂದ ಕೈಬಿಡಲ್ಪಟ್ಟ ಜೆಫ್ರಿ ಬಾಯ್ಕಾಟ್ ಬೇರೆ ವ್ಯಕ್ತಿ. ವಿರಾಜಪೇಟೆಯ ಶಿಕ್ಷಕರ ಪಟ್ಟಿಗೆ ಆತನನ್ನೂ ಸೇರಿಸಬಹುದು.

ಪ್ರಶ್ನೆ: ಕನ್ನಡದಲ್ಲಿ ಬರೆಯುವಾಗ ‘ಸ್ಟೋನ್ ವಾಲ್’ ಎಂದು ಬಿಡಿಸಬೇಕೋ, ಕೂಡಿಸಬೇಕೋ? ನ್ಯೂಯಾರ್ಕಿನ ಸ್ಟೋನ್‌ವಾಲ್ ಗಲಭೆಗೂ ಇದಕ್ಕೂ ನಂಟಿದೆಯೇ?
– ಡಿಟಿಪಿ ಕೆಲಸಗಾರ, ಮಡಿಕೇರಿ

ಉತ್ತರ: ಕ್ರಿಯಾಪದವಾದರೆ ಕೂಡಿಸಿ: ಸ್ಟೋನ್‌ವಾಲ್ ಮಾಡು, ಸ್ಟೋನ್‌ವಾಲಿಂಗ್. ನಿಜವಾದ ಕಲ್ಲಿನ ಗೋಡೆಯ ಮಾತಾದರೆ ಇಂಗ್ಲಿಷ್ ಪದವೇ ಬೇಕಿಲ್ಲ. ಟೈಪ್ ಮಾಡುವಾಗ ‘ನ್’ ಮತ್ತು ‘ವಾ’ ನಡುವೆ ಜಾಗ ಬಿಡದೆ ಅಕ್ಷರಗಳನ್ನು ಬಿಡಿಸುವ (ZWNJ) ಕೀಲಿ ಒತ್ತಬೇಕು, ಇಲ್ಲದಿದ್ದರೆ ‘ಸ್ಟೋನ್ವಾಲ್’ ಎಂದು ವತ್ತು ಬಂದು ಓದುವವರು ತಡವರಿಸುತ್ತಾರೆ. 1969ರ ಜೂನ್ 28ರ ಗಲಭೆ ನಡೆದದ್ದು ಸ್ಟೋನ್‌ವಾಲ್ ಇನ್ ಎಂಬ ಬಾರಿನಲ್ಲಿ. ಪೊಲೀಸ್ ದಾಳಿಯ ವಿರುದ್ಧ ಸಲಿಂಗಿಗಳು ತಿರುಗಿ ನಿಂತ ಘಟನೆ ಅದು. ಅಲ್ಲಿ ಬಂದಿರುವುದು ಬಾರಿನ ಹೆಸರು ಮಾತ್ರ, ಈ ಕ್ರಿಯಾಪದವಲ್ಲ.